ಇಪ್ಪತ್ತಾರು ಹಲ್ಲುಗಳ ಗಡುವು

ಫೆಬ್ರವರಿ 3

ಅಪ್ಪಾ,

ಎಂಟು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕೋಪ ಇಳಿದು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ, ಇಳಿದಿಲ್ಲ. ಫೋನ್ ಮಾಡಿದರೆ ಮೂರನೇ ಮಾತಿಗೇ ಇಬ್ಬರೂ ಕೂಗಾಡುತ್ತೇವೆ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀವು ನಡುವೆ ಬಾಯಿ ಹಾಕುವಂತಿಲ್ಲ.

ನಿನ್ನೆ ಅಮ್ಮ ಫೋನಿನಲ್ಲಿ, ಬಟ್ಟೆ ಇನ್ನೂ ಒಣಗಿಲ್ಲ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು: "ನಿಮ್ಮಪ್ಪ ಮಾರ್ಚ್ ಇಪ್ಪತ್ತಕ್ಕೆ ಇರೋ ಬರೋ ಹಲ್ಲೆಲ್ಲಾ ಕೀಳಿಸ್ಕೊಳ್ತಾರಂತೆ. ಅವರ ಹಲ್ಲಿನ ಸೆಟ್ಟು ಅವರೇ ಮಾಡ್ಕೊಂಡು ಕೂತಿದ್ದಾರೆ." ಇಪ್ಪತ್ತಾರು ಹಲ್ಲು, ಅಪ್ಪಾ! ಎರಡೋ ಮೂರೋ ಅಲ್ಲಾಡುತ್ತವೆಂದು ಇಪ್ಪತ್ತಾರನ್ನೂ ಕೀಳಿಸುವುದೇ? ಒಸಡಿನ ಡಾಕ್ಟರಿಗೆ ತೋರಿಸಿದರಾ ಎಂದು ಕೇಳಿದೆ. "ಅವರ್ಯಾಕೆ ತೋರಿಸ್ತಾರೆ, ಎಲ್ಲಾ ಗೊತ್ತಿರೋರು" ಎಂದಳು.

ನಾನು ಕೇಳುವುದು ಒಂದೇ. ಆ ತಾರೀಖನ್ನು ಆರು ತಿಂಗಳು ಮುಂದಕ್ಕೆ ಹಾಕಿ. ಕಾರಣ ಇದೆ. ನೀವು ಉತ್ತರ ಬರೆದರೆ ಮಾತ್ರ ಹೇಳುತ್ತೇನೆ.

ನಿಮ್ಮ ಮಗಳು


ಫೆಬ್ರವರಿ 11

ಮಗಳೇ,

ಮೂವತ್ತೊಂದು ವರ್ಷದಿಂದ ಅರ್ಧ ಊರಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟವನಿಗೆ ಹಲ್ಲಿನ ಪಾಠ ಹೇಳಲು ಬಂದರಿನಲ್ಲಿ ಕ್ರೇನ್ ಓಡಿಸುವವಳು ಬಂದಿದ್ದಾಳೆ. ಸಂತೋಷ.

ವಿಷಯ ಇಷ್ಟು. ನಮ್ಮ ಮನೆತನದಲ್ಲಿ ಐವತ್ತೈದು ದಾಟಿದ ಮೇಲೆ ಸ್ವಂತ ಹಲ್ಲಿನಲ್ಲಿ ಅಗಿದವರಿಲ್ಲ. ನಿನ್ನ ಅಜ್ಜಿಗೆ ನಲವತ್ತೆಂಟಕ್ಕೇ ಹೋದವು, ದೊಡ್ಡಪ್ಪನಿಗೆ ಐವತ್ತಕ್ಕೆ. ನನಗೆ ಈಗ ಐವತ್ನಾಲ್ಕು. ಬೆಳಿಗ್ಗೆ ಬ್ರಷ್ ಮಾಡಿದರೆ ಬೇಸಿನ್ ಕೆಂಪಾಗುತ್ತದೆ. ಕೆಳಗಿನ ಮುಂದಿನ ಎರಡು ಹಲ್ಲು ನಾಲಿಗೆ ತಾಗಿದರೂ ಅಲ್ಲಾಡುತ್ತವೆ. ವರ್ಷಕ್ಕೊಂದರಂತೆ ಮರ್ಯಾದೆ ಕಳೆದುಕೊಳ್ಳುವ ಬದಲು ಒಂದೇ ಸಲ ಮುಗಿಸಿಬಿಡುವುದು ಮೇಲು.

ನನ್ನ ಸೆಟ್ಟನ್ನು ನೀನು ನೋಡಬೇಕು. ಅಪ್ಪಟ ಬಿಳಿ ಹಾಕಿಲ್ಲ, ಚಹಾ ಕುಡಿಯುವವನ ಹಲ್ಲಿನ ಬಣ್ಣವನ್ನೇ ಹುಡುಕಿ ಹಾಕಿದ್ದೇನೆ. ಎಡಗಡೆಯ ಕೋರೆಹಲ್ಲನ್ನು ತುಸು ಓರೆಯಾಗಿ ಕೂರಿಸಿದ್ದೇನೆ, ನನ್ನದು ಇರುವ ಹಾಗೆಯೇ. ಈ ಕೈಯಿಂದ ಇದಕ್ಕಿಂತ ಒಳ್ಳೆಯ ಕೆಲಸ ಬಂದಿಲ್ಲ. ಅದನ್ನು ಡಬ್ಬಿಯಲ್ಲಿಟ್ಟು ಆರು ತಿಂಗಳು ಕಾಯುವುದೇ?

ಕಾರಣ ಇದೆ ಎಂದೆಯಲ್ಲ, ಹೇಳು. ಕೇಳುವುದಕ್ಕೇನೂ ತೊಂದರೆ ಇಲ್ಲ.

ಅಪ್ಪ

ಇದು ಅಮ್ಮ ಬರೆದದ್ದು: ಬನ್ನು, ಈ ಕಾಗದವನ್ನು ನಾಲ್ಕು ಸಲ ಹರಿದು ಹಾಕಿ ಬರೆದರು. "ಸಂತೋಷ" ಎಂಬ ಮಾತನ್ನು ಕೊಂಕಿಗೆ ಬರೆದಿದ್ದಾರೆ, ಆದರೆ ಅದೊಂದೇ ನಿಜ. ನಿನ್ನ ಕಾಗದವನ್ನು ಕೆಲಸದ ಕೋಣೆಯ ಗೋಡೆಗೆ ಸಿಕ್ಕಿಸಿಕೊಂಡಿದ್ದಾರೆ.


ಫೆಬ್ರವರಿ 19

ಅಪ್ಪಾ,

ಕಾರಣ ನಾನೇ.

ನಾನು ಈಗ ಕ್ರೇನ್ ಓಡಿಸುತ್ತಿಲ್ಲ. ಅಮ್ಮನಿಗೂ ಹೇಳಿಲ್ಲ. ಕ್ಯಾಬಿನ್ನಿಗೆ ಹತ್ತುವಾಗ ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟು ನೂರು ಕಿಲೋ ತಡೆಯುತ್ತದೆ, ಅಷ್ಟೇ. ಬೂಟು, ಹೆಲ್ಮೆಟ್ಟು, ವಾಕಿಟಾಕಿ ಸೇರಿ ನಾನು ನೂರಾ ನಾಲ್ಕು ತೂಗಿದೆ. ನವೆಂಬರಿನಿಂದ ಕೆಳಗೆ ನಿಂತು, ಮೇಲಿರುವವನಿಗೆ ಎಡಕ್ಕೆ ಬಲಕ್ಕೆ ಎಂದು ಹೇಳುವ ಕೆಲಸ ಮಾಡುತ್ತಿದ್ದೇನೆ. ಹೋದ ಜೂನಿನಲ್ಲಿ ಊಟದ ಮೇಜಿನಲ್ಲಿ, ಪಕ್ಕದ ಮನೆಯವರ ಎದುರಿಗೆ, ನನ್ನ ಕೈಯಿಂದ ಬ್ರೆಡ್ಡು ಕಿತ್ತುಕೊಂಡು ನೀವು ಏನು ಹೇಳಿದಿರಿ ನೆನಪಿದೆಯೇ? "ಸಾಕು ಬಿಡೆ, ಇನ್ನು ಮೇಲೆ ಕ್ರೇನೇ ನಿನ್ನನ್ನ ಎತ್ತಬೇಕಾಗುತ್ತೆ." ಎಲ್ಲರೂ ನಕ್ಕರು. ನಿಮ್ಮ ತಟ್ಟೆಯಲ್ಲಿ ಆಗ ಮೂರು ತುಂಡು ಇತ್ತು, ನಿಮ್ಮ ತೂಕ ನೂರಾ ಆರು. ಅದನ್ನು ನಾನು ಹೇಳಲಿಲ್ಲ. ಚೀಲ ತೆಗೆದುಕೊಂಡು ಹೊರಟೆ.

ಇರಲಿ, ಹಲ್ಲಿನ ವಿಷಯಕ್ಕೆ ಬರುತ್ತೇನೆ. ಬೆಲ್ಟಿನ ಪರೀಕ್ಷೆಯಾದ ಮೇಲೆ ನಮ್ಮ ಬಂದರಿನ ಮುದಿ ಡಾಕ್ಟರು "ಬಾಯಿ ತೆಗಿ" ಎಂದರು. ತೂಕಕ್ಕೂ ಬಾಯಿಗೂ ಏನು ಸಂಬಂಧ ಎಂದೆ. "ತಿನ್ನೋದು ಅಲ್ಲಿಂದಲೇ ತಾನೇ" ಎಂದು ಮೊದಲು ತಮಾಷೆ ಮಾಡಿ, ಆಮೇಲೆ ಸರಿಯಾಗಿ ಕೂತು ಹೇಳಿದರು. ಮೈಯಲ್ಲಿನ ಕೊಬ್ಬು ಮೂಲೆಯಲ್ಲಿ ಪೇರಿಸಿಟ್ಟ ಮೂಟೆಯಂತೆ ಸುಮ್ಮನೆ ಬಿದ್ದಿರುವುದಿಲ್ಲವಂತೆ. ಅದು ಹಗಲೂ ರಾತ್ರಿ ರಕ್ತಕ್ಕೆ ಏನೇನೋ ಬಿಡುತ್ತಿರುತ್ತದೆ. ಮೈಯೆಲ್ಲಾ ಸಣ್ಣಗೆ ಉರಿಯೂತದಲ್ಲೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ. ಅಂಥವರ ಹಲ್ಲಿನ ಬುಡದಲ್ಲಿ ಒಂದಿಷ್ಟು ಕೊಳೆ ಕೂತರೆ ಸಾಕು, ಬೇರೆಯವರಿಗಿಂತ ಹೆಚ್ಚು ಒಸಡು ಊದಿಕೊಂಡು, ಹಲ್ಲು ಹಿಡಿದಿರುವ ಮೂಳೆಯನ್ನೇ ಕರಗಿಸಿಬಿಡಬಹುದು. ಊದಿದ ಒಸಡು ಸುಮ್ಮನಿರುತ್ತದೆಯೇ, ಅದೂ ತನ್ನ ಪಾಲಿನ ವಿಷವನ್ನು ರಕ್ತಕ್ಕೆ ಕಳಿಸಿ ಸಕ್ಕರೆಯನ್ನು ಏರಿಸುತ್ತದೆ. ಇದು ಅದಕ್ಕೆ, ಅದು ಇದಕ್ಕೆ. ನನ್ನ ಒಸಡನ್ನು ಒತ್ತಿದಾಗ ರಕ್ತ ಬಂತು ಅಪ್ಪಾ. ನನಗೆ ಇಪ್ಪತ್ತೊಂಬತ್ತು ವರ್ಷ.

ನಮ್ಮ ಮನೆತನದ್ದು ಹಲ್ಲಿನ ಶಾಪವಲ್ಲ, ನಾವೆಲ್ಲ ದಪ್ಪಗಿದ್ದೆವು, ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ ಇತ್ತು, ಒಬ್ಬರೂ ಒಸಡು ತೋರಿಸಲಿಲ್ಲ. ಆರು ತಿಂಗಳು ಕೊಡಿ. ಇಬ್ಬರೂ ತೋರಿಸಿಕೊಳ್ಳೋಣ, ಇಬ್ಬರೂ ತೂಕ ಇಳಿಸೋಣ. ಆಮೇಲೂ ಅಲ್ಲಾಡಿದರೆ ನಾನೇ ಬಂದು ಪಕ್ಕದಲ್ಲಿ ಕೂತು ಕೀಳಿಸುತ್ತೇನೆ.

ಮಗಳು


ಮಾರ್ಚ್ 2

ಮಗಳೇ,

ಸೆಪ್ಟೆಂಬರ್ ಇಪ್ಪತ್ತು. ತಾರೀಖು ಬದಲಾಯಿಸಿದ್ದೇನೆ. ಅದರಾಚೆಗೆ ಒಂದು ದಿನವೂ ಇಲ್ಲ.

ನೀನು ನೆಲದ ಮೇಲೆ ನಿಂತಿದ್ದೀಯೆಂದು ಓದಿದ ದಿನ ನಾನು ಕೆಲಸ ಮಾಡಲಿಲ್ಲ. ಕಲಸಿದ ಪ್ಲಾಸ್ಟರು ಬೋಗುಣಿಯಲ್ಲೇ ಗಟ್ಟಿಯಾಯಿತು. ನೀನು ಮೊದಲ ಸಲ ಕ್ರೇನ್ ಹತ್ತಿದಾಗ ಕಳಿಸಿದ್ದ ಫೋಟೊ ಇಲ್ಲೇ ಇದೆ, ಅದರ ಕೆಳಗೆ ಕೂತೇ ನಾನು ಹಲ್ಲು ಕೆತ್ತುವುದು. ಜೂನಿನ ಮಾತು ನೆನಪಿದೆಯೇ ಎಂದು ಕೇಳಿದ್ದೀಯ. ನೆನಪಿದೆ.

ಜೊತೆಗಿರುವ ಡಬ್ಬಿಯನ್ನು ಹುಷಾರಾಗಿ ಬಿಚ್ಚು. ನನ್ನ ಬಾಯಿಯ ಅಚ್ಚು, ಮೇಲಿನದು ಕೆಳಗಿನದು ಎರಡೂ. ನಾನೇ ತೆಗೆದುಕೊಂಡೆ. ಬಾಯ್ತುಂಬ ಪೇಸ್ಟ್ ತುಂಬಿದ ಟ್ರೇ ಕಚ್ಚಿಕೊಂಡು ಕೂತಿದ್ದರೆ ನಿನ್ನ ಅಮ್ಮ ಪಕ್ಕದಲ್ಲಿ ನೂರ ಇಪ್ಪತ್ತು ಎಣಿಸುತ್ತಿದ್ದಳು. ಬೇಕೆಂದೇ ನಿಧಾನಕ್ಕೆ ಎಣಿಸಿದಳು, ಎಂಟು ತಿಂಗಳಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂತದ್ದು ಅದೇ ಮೊದಲಂತೆ. ಯಾವ ಡಾಕ್ಟರು ಏನು ಬೇಕಾದರೂ ಹೇಳಲಿ, ನಾನು ನಂಬುವುದು ಪ್ಲಾಸ್ಟರನ್ನು. ಪ್ಲಾಸ್ಟರು ಸುಳ್ಳು ಹೇಳುವುದಿಲ್ಲ. ನಡುವಿನಲ್ಲಿ ಇನ್ನೊಂದು ಅಚ್ಚು ತೆಗೆಯುತ್ತೇನೆ, ಅದರಲ್ಲಿ ಸುಧಾರಣೆ ಕಂಡರೆ ಸರಿ.

ಅಪ್ಪ


ಏಪ್ರಿಲ್ 6

ಅಪ್ಪಾ,

ನಿಮ್ಮ ಬಾಯಿ ನನ್ನ ಕಿಟಕಿಯ ಮೇಲಿದೆ. ರೂಮಿನವಳು ಮೊದಲ ದಿನ ಕಿರುಚಿದಳು, ಈಗ ಅದರ ಪಕ್ಕದಲ್ಲೇ ಬಾಚಣಿಗೆ ಇಡುತ್ತಾಳೆ. ಹಲ್ಲುಗಳ ನಡುವಿನ ಒಸಡು ದಪ್ಪಗೆ ಗುಂಡಗೆ ಉಬ್ಬಿರುವುದು ಪ್ಲಾಸ್ಟರಿನಲ್ಲೂ ಕಾಣುತ್ತದೆ. ಎಷ್ಟು ವರ್ಷದಿಂದ ಹೀಗಿತ್ತು ಅಪ್ಪಾ? ನಾವು ಯಾರೂ ನಿಮ್ಮ ಬಾಯೊಳಗೆ ನೋಡಲೇ ಇಲ್ಲ, ಮಾತನ್ನಷ್ಟೇ ಕೇಳಿಸಿಕೊಂಡೆವು.

ನನ್ನದು ಎರಡು ಸಲ ಆಯಿತು. ಒಸಡನ್ನು ಮರಗಟ್ಟಿಸಿ, ಹಲ್ಲಿನ ಬೇರಿನವರೆಗೆ ಇಳಿದು ಕೆರೆದು ಕೊಳೆ ತೆಗೆದರು. ಮನೆಗೆ ಬರುವಾಗ ತುಟಿ ಯಾರದೋ ಅನ್ನಿಸುತ್ತಿತ್ತು. ಈಗ ಬ್ರಷ್ ಮಾಡಲು ನಾಲ್ಕು ನಿಮಿಷ, ಹಲ್ಲುಗಳ ಸಂದಿಗೆ ಸಣ್ಣ ಬ್ರಷ್ ಬೇರೆ. ಮಧ್ಯಾಹ್ನದ ಬಿಸ್ಕತ್ತಿನ ಪೊಟ್ಟಣ ಬಿಟ್ಟಿದ್ದೇನೆ. ಬಿಟ್ಟ ಮೊದಲ ವಾರ ಮೇಲಿನವನಿಗೆ "ಎಡಕ್ಕೆ" ಎನ್ನುವ ಬದಲು "ಏನು ನೋಡ್ತಿದ್ದೀಯ" ಎಂದು ರೇಗಿದೆ. ಊಟವಾದ ಮೇಲೆ ಗೋದಾಮಿನ ಸುತ್ತ ಎರಡು ಸುತ್ತು ನಡೆಯುತ್ತೇನೆ. ಎರಡು ಕಿಲೋ ಇಳಿದಿದೆ. ಒಸಡು ಗುಣವಾದರೆ ತೂಕ ತಾನಾಗಿ ಇಳಿಯುತ್ತದೆಂದು ತಿಳಿಯಬೇಡಿ, ಹಾಗಿಲ್ಲ, ಅದಕ್ಕೆ ಬೇರೆಯೇ ಬೆವರು ಸುರಿಸಬೇಕು.

ನೀವು ಹೋದಿರಾ? ಹೋಗಿಲ್ಲದಿದ್ದರೆ ಈ ಕಾಗದ ಮಡಚಿಟ್ಟು ಈಗಲೇ ಎದ್ದು ಹೋಗಿ.

ಮಗಳು


ಮೇ 14

ಮಗಳೇ,

ಹೋದೆ. ಒಂದಲ್ಲ, ನಾಲ್ಕು ಸಲ.

ಒಸಡಿನ ಡಾಕ್ಟರಮ್ಮ ನಿನಗಿಂತ ಐದಾರು ವರ್ಷ ದೊಡ್ಡವಳಿರಬೇಕು, ಕುಳ್ಳಿ, ಮಹಾ ಗಟ್ಟಿಗಿತ್ತಿ. ಕೈಯಲ್ಲಿ ಗೆರೆ ಹಾಕಿದ ಸಣ್ಣ ಕಡ್ಡಿ. ಅದನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಅಳೆಯುತ್ತಾಳೆ. ಮೂರು ಮಿಲಿಮೀಟರ್‌ವರೆಗೆ ಇದ್ದರೆ ಕ್ಷೇಮ. ನನ್ನ ಬಾಯಲ್ಲಿ ಆರು, ಏಳು, ಆರು, ಐದು ಎಂದು ಕೂಗುತ್ತಾ ಹೋದಳು, ಬಸ್ಸಿನ ನಂಬರು ಕೂಗುವ ಹಾಗೆ. ನಾನು ಸೆಟ್ಟು ಮಾಡುವವನು ಎಂದು ಹೇಳಿದ್ದಕ್ಕೆ, "ಗೊತ್ತು, ನೀವು ಮಾಡಿರೋ ಸೆಟ್ಟು ಹಾಕ್ಕೊಂಡೋರು ಬರ್ತಾರೆ. ತುಂಬಾ ಚೆನ್ನಾಗಿರುತ್ತೆ. ಆದ್ರೆ ನನಗೆ ಬೇಜಾರಾಗುತ್ತೆ" ಎಂದಳು. ಯಾಕೆ ಬೇಜಾರು ಎಂದು ಕೇಳುವಷ್ಟರಲ್ಲಿ ಬಾಯಿಗೆ ಕನ್ನಡಿ ತುರುಕಿದಳು.

ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಎಂಟೂಮುಕ್ಕಾಲು ಇತ್ತು, ಏಳರ ಆಸುಪಾಸು ಇರಬೇಕಂತೆ. ನನ್ನ ಸಕ್ಕರೆಯ ಡಾಕ್ಟರಿಗೆ ಆಕೆಯೇ ಚೀಟಿ ಬರೆದಳು. ಚಹಾಕ್ಕೆ ಸಕ್ಕರೆ ಬಿಟ್ಟೆ. ಮೊದಲ ದಿನ ಬಿಸಿನೀರಿಗೆ ಬಣ್ಣ ಹಾಕಿ ಕುಡಿದಂತಿತ್ತು, ಈಗ ಅಭ್ಯಾಸವಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಿನ್ನ ಅಮ್ಮ ದಿನಾ ಸಂಜೆ ಕೈಹಿಡಿದು ವಾಕಿಂಗಿಗೆ ಎಳೆದುಕೊಂಡು ಹೋಗುತ್ತಾಳೆ. ಮೂರು ಕಿಲೋ ಇಳಿದೆ. ನಿನ್ನದೆಷ್ಟು? ನಿನಗಿಂತ ಹಿಂದೆ ಬೀಳುವವನು ನಾನಲ್ಲ.

ಬೇಸಿನ್ ಈಗ ಕೆಂಪಾಗುವುದಿಲ್ಲ. ಮುಂದಿನ ತಿಂಗಳು ಎರಡನೇ ಅಚ್ಚು.

ಅಪ್ಪ


ಜೂನ್ 27

ಬನ್ನು,

ಇದನ್ನು ಅವರಿಗೆ ಹೇಳದೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಪಕ್ಕದ ಕೋಣೆಗೆ ಕೇಳಿಸುತ್ತದೆ.

ಸೋಮವಾರ ಎರಡನೇ ಅಚ್ಚು ತೆಗೆದರು. ಒಣಗಿದ ಮೇಲೆ ಹಳೆಯ ಅಚ್ಚಿನ ಅಳತೆ ಬರೆದಿಟ್ಟ ಪುಸ್ತಕ ತೆಗೆದು, ಒಂದೊಂದೇ ಹಲ್ಲನ್ನು ಅಳೆಯುತ್ತಾ ಕೂತರು. ಹೊತ್ತು ಹೋದ ಹಾಗೆ ಮುಖ ಕಪ್ಪಿಟ್ಟಿತು. ಏನಾಯ್ತು ಎಂದು ಕೇಳಿದರೆ ಪುಸ್ತಕ ಮುಚ್ಚಿಟ್ಟರು. ಸಂಜೆ ವಾಕಿಂಗಿಗೆ ಬರಲಿಲ್ಲ. ಆಮೇಲೆ ಒಂದೇ ಮಾತು: "ಎಲ್ಲಾ ಹಲ್ಲೂ ಎರಡು ಮಿಲಿಮೀಟರ್ ಹೊರಗೆ ಬಂದಿದೆ. ಒಸಡು ಓಡಿಹೋಗ್ತಿದೆ. ಆ ಡಾಕ್ಟರ್ ಹುಡುಗಿ ಕೆರೆದು ಕೆರೆದು ಹಾಳು ಮಾಡಿದಳು. ಇವತ್ತಲ್ಲಾ ನಾಳೆ ಉದುರೋದೇ." ನನಗೂ ತೋರಿಸಿದರು. ನಿಜವಾಗಿಯೂ ಹಲ್ಲು ಉದ್ದವಾಗಿವೆ, ನಡುವೆ ಕಪ್ಪು ಸಂದಿ ಕಾಣುತ್ತದೆ. ನನಗೇನು ತಿಳಿಯುತ್ತದೆ ಹೇಳು.

ಹಲ್ಲು ಕೀಳುವ ಡಾಕ್ಟರಿಗೆ ಫೋನ್ ಮಾಡಿ ಜುಲೈ ಎಂಟಕ್ಕೆ ಗೊತ್ತು ಮಾಡಿಕೊಂಡಿದ್ದಾರೆ. ನಿನಗೆ ಆ ಅಚ್ಚನ್ನು ಪಾರ್ಸಲ್ ಮಾಡಿದ್ದಾರೆ, ಒಂದೆರಡು ದಿನದಲ್ಲಿ ಸಿಗುತ್ತದೆ. ಏನಾದರೂ ಮಾಡು. ನನ್ನ ಹಲ್ಲು ಕೀಳಿಸಿದಾಗ ನನಗೆ ಮೂವತ್ತೊಂಬತ್ತು. ತಡೆಯಿರಿ ಎನ್ನುವವರು ಯಾರೂ ಇರಲಿಲ್ಲ. ಅದು ಬಿಡು.

ಅಮ್ಮ


ಜೂನ್ 30

ಅಪ್ಪಾ,

ಪಾರ್ಸಲ್ ಬಂತು. ಒಳಗೆ ನಿಮ್ಮ ಚೀಟಿ: "ನೋಡಿಕೋ, ನಿನ್ನ ಮಾತು ಕೇಳಿದ್ದಕ್ಕೆ." ನೋಡಿಕೊಂಡೆ. ಎರಡೂ ಅಚ್ಚನ್ನು ಅಕ್ಕಪಕ್ಕ ಇಟ್ಟುಕೊಂಡು ಒಂದು ಗಂಟೆ ನೋಡಿದೆ. ಈಗ ನೀವು ಬಾಯಿ ಹಾಕದೆ ಓದಿ.

ಹಲ್ಲು ಹೊರಗೆ ಬಂದಿಲ್ಲ. ಊತ ಇಳಿದಿದೆ.

ನಮ್ಮ ಬಂದರಿನಲ್ಲಿ ಹೊಸದಾಗಿ ಕೆಲಸಕ್ಕೆ ಬಂದವರು ಸಮುದ್ರದ ನೀರು ಇಳಿದಾಗ ಹಡಗು ಕಟ್ಟುವ ಧಕ್ಕೆಯ ಕಂಬಗಳನ್ನು ನೋಡಿ ಗಾಬರಿಯಾಗುತ್ತಾರೆ, ಕಂಬ ಎಷ್ಟು ಉದ್ದ ಆಯಿತು ಎಂದು. ಕಂಬ ಇದ್ದಲ್ಲೇ ಇರುತ್ತದೆ ಅಪ್ಪಾ, ನೀರು ಕೆಳಗೆ ಹೋಗಿರುತ್ತದೆ. ನಿಮ್ಮ ಮೊದಲ ಅಚ್ಚಿನಲ್ಲಿ ಒಸಡು ಊದಿಕೊಂಡು ಹಲ್ಲಿನ ಮೇಲಕ್ಕೆ ಹತ್ತಿ ಕೂತಿತ್ತು. ನೀವು ಅದನ್ನೇ ಸರಿಯಾದ ಎತ್ತರ ಎಂದು ಬರೆದುಕೊಂಡಿರಿ. ಈಗ ಅದು ತನ್ನ ಜಾಗಕ್ಕೆ ಇಳಿದಿದೆ. ಮೂಳೆ ಕರಗಿದ್ದು ವರ್ಷಗಳ ಹಿಂದೆಯೇ, ಊತ ಅದನ್ನು ಮುಚ್ಚಿಟ್ಟಿತ್ತು ಅಷ್ಟೇ. ನನ್ನ ಹಲ್ಲುಗಳ ನಡುವೆಯೂ ಸಂದಿ ಬಿದ್ದಿದೆ. ನಾನೂ ಕನ್ನಡಿಯ ಮುಂದೆ ಅತ್ತೆ, ಆಮೇಲೆ ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ನೀವು ಕೇಳಿದಿರಾ? ಇಲ್ಲ. ನಿಮ್ಮ ಅಳತೆ ಪುಸ್ತಕ ಕೇಳಿದಿರಿ.

ಪ್ಲಾಸ್ಟರು ಸುಳ್ಳು ಹೇಳುವುದಿಲ್ಲ ಎಂದಿರಿ. ಆದರೆ ಪ್ಲಾಸ್ಟರಿನಲ್ಲಿ ರಕ್ತ ಬರುವುದಿಲ್ಲ, ಪ್ಲಾಸ್ಟರಿನ ಹಲ್ಲು ಅಲ್ಲಾಡುವುದಿಲ್ಲ. ಮೂವತ್ತೊಂದು ವರ್ಷದಿಂದ ನೀವು ಬಾಯಿಯ ಆಕಾರ ನೋಡಿದ್ದೀರಿ, ಜೀವ ನೋಡಿಲ್ಲ. ಈಗ ಕಾಗದ ಕೆಳಗಿಡಿ. ಕೈ ತೊಳೆದುಕೊಂಡು, ಕೆಳಗಿನ ಆ ಎರಡು ಹಲ್ಲನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಫೆಬ್ರವರಿಯಷ್ಟು ಅಲ್ಲಾಡುತ್ತವೆಯೇ?

ಎಂಟನೇ ತಾರೀಖಿಗೆ ಮುಂಚೆ ಡಾಕ್ಟರಮ್ಮನ ಹತ್ತಿರ ಹೋಗಿ. ಬೈಯುವುದಕ್ಕಾದರೂ ಹೋಗಿ. ಹೋಗದೆ ಕೀಳಿಸಿಕೊಂಡರೆ ನಾನು ನಿಮಗೆ ಇನ್ನೆಂದೂ ಬರೆಯುವುದಿಲ್ಲ. ಇದು ಬೆದರಿಕೆಯೇ, ಹೌದು. ನನಗೆ ನಿಮ್ಮ ಹಲ್ಲು ಬೇಕು, ನಿಮ್ಮದೇ ಹಲ್ಲು, ಕೊಂಕು ಮಾತಾಡುವಾಗ ಹೊರಗೆ ಬರುವ ಆ ಓರೆ ಹಲ್ಲು.

ಮಗಳು


ಜುಲೈ 9

ಮಗಳೇ,

ನಿನ್ನೆ ಎಂಟನೇ ತಾರೀಖು. ಇಪ್ಪತ್ತೈದು ಹಲ್ಲು ಬಾಯಲ್ಲಿವೆ. ಗಾಬರಿಯಾಗಬೇಡ, ಪೂರ್ತಿ ಓದು.

ಹಲ್ಲನ್ನು ಅಲ್ಲಾಡಿಸಿ ನೋಡಿದೆ. ಒಂದಿಷ್ಟು ಅಲ್ಲಾಡಿತು, ಆದರೆ ಮೊದಲಿನ ಹಾಗಲ್ಲ. ಬೆರಳಿಗೆ ಗೊತ್ತಾದದ್ದನ್ನು ಮನಸ್ಸು ಒಪ್ಪಲಿಲ್ಲ. ಎರಡನೇ ಅಚ್ಚಿನ ಇನ್ನೊಂದು ಪ್ರತಿ ನನ್ನ ಬಳಿ ಇತ್ತು, ಅದನ್ನು ಚೀಲದಲ್ಲಿ ಹಾಕಿಕೊಂಡು ಡಾಕ್ಟರಮ್ಮನ ಹತ್ತಿರ ಜಗಳಕ್ಕೇ ಹೋದೆ. ಮೇಜಿನ ಮೇಲೆ ಕುಕ್ಕಿದೆ. "ಏನಮ್ಮ ಇದು?" ಎಂದೆ. ಆಕೆ ಅದನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ನಗತೊಡಗಿದಳು. "ಎಷ್ಟು ಚೆನ್ನಾಗಿ ಇಳಿದಿದೆ! ಇದನ್ನ ನನ್ನ ವಿದ್ಯಾರ್ಥಿಗಳಿಗೆ ತೋರಿಸ್ಬೇಕು, ಕೊಡ್ತೀರಾ?" ಎಂದಳು. ನಾನು ಜಗಳಕ್ಕೆ ಬಂದವನು, ಏನು ಹೇಳಬೇಕು ಹೇಳು! ಆಮೇಲೆ ಮುಖ ಗಂಭೀರ ಮಾಡಿ ಬೈದಳು. "ಅಲ್ಲಾಡೋ ಹಲ್ಲಿಗೆ ಮನೇಲಿ ಟ್ರೇ ಹಾಕಿ ಎಳೀತಾರಾ ಯಾರಾದ್ರೂ? ಅಚ್ಚಿನ ಜೊತೆ ಹಲ್ಲೂ ಬಂದಿದ್ರೆ?" ಮೂವತ್ತೊಂದು ವರ್ಷದಲ್ಲಿ ನನಗೆ ಯಾರೂ ಹೀಗೆ ಕಿವಿ ಹಿಂಡಿರಲಿಲ್ಲ.

ಕಡ್ಡಿ ಹಾಕಿ ಅಳೆದಳು. ಏಳು ಇದ್ದದ್ದು ನಾಲ್ಕು. ಆರು ಇದ್ದದ್ದು ಮೂರು. ಕೊನೆಯ ದವಡೆ ಹಲ್ಲು ಒಂದು ಮಾತ್ರ ಎಂಟರಲ್ಲೇ ನಿಂತಿತ್ತು, ಅದಕ್ಕೆ ಹಿಡಿಯಲು ಮೂಳೆಯೇ ಉಳಿದಿರಲಿಲ್ಲ. ಅದೊಂದನ್ನು ಅಲ್ಲೇ ತೆಗೆಸಿದೆ. ಉಳಿದವು ಇರುತ್ತವಂತೆ, ನಾನು ಹೀಗೇ ನೋಡಿಕೊಂಡರೆ. ಜುಲೈ ಎಂಟರ ಗೊತ್ತುಪಾಡು ಬಿಟ್ಟೆ. ಸೆಪ್ಟೆಂಬರ್ ಇಪ್ಪತ್ತನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಮಾತು ಕೊಟ್ಟ ಗಡುವು ಅದು, ಅಲ್ಲಿಯವರೆಗೆ ನೋಡೋಣ. ನಿನ್ನ ಅಪ್ಪ ಹಟಮಾರಿ ಎಂದು ನಿನಗೆ ಗೊತ್ತಿಲ್ಲದ್ದಲ್ಲ.

ಈಗ ಬರೆಯಬೇಕಾದ ಎರಡು ಮಾತಿವೆ. ಎರಡೂ ಕಷ್ಟ.

ಜೂನಿನಲ್ಲಿ ಆಡಿದ ಆ ಮಾತು ತಪ್ಪು. ಹತ್ತು ಜನರ ಎದುರು ನಿನ್ನ ಕೈಯ ಬ್ರೆಡ್ಡು ಕಿತ್ತುಕೊಂಡದ್ದು ಅದಕ್ಕಿಂತ ತಪ್ಪು. ನಿನ್ನನ್ನು ನೋಡಿದಾಗ ನನಗೆ ನಾನೇ ಕಂಡೆ, ಆ ಸಿಟ್ಟನ್ನು ನಿನ್ನ ಮೇಲೆ ಹಾಕಿದೆ. ಕ್ಷಮಿಸು.

ಎರಡನೆಯದು ನಿನ್ನ ಅಮ್ಮನದು. ಅವಳ ಒಸಡು ಹೀಗೇ ಊದಿತ್ತು. ಆಗ ನನ್ನ ಕೈ ಚೆನ್ನಾಗಿ ಪಳಗಿತ್ತು, ಸೆಟ್ಟಿನ ಹುಚ್ಚು. "ಯಾಕೆ ಒದ್ದಾಡ್ತೀಯ, ತೆಗೆಸಿಬಿಡು, ರಾಣಿ ಥರ ಸೆಟ್ಟು ಮಾಡಿಕೊಡ್ತೀನಿ" ಎಂದೆ. ಮಾಡಿಕೊಟ್ಟೆ. ಎಲ್ಲರೂ ಹೊಗಳಿದರು. ಅಂದಿನಿಂದ ಅವಳು ಬೇರೆಯವರ ಮನೆಯಲ್ಲಿ ಊಟ ಮಾಡುವುದನ್ನು ಬಿಟ್ಟಳು, ಸೇಬನ್ನು ಕಚ್ಚುವುದನ್ನು ಬಿಟ್ಟಳು. ಯಾಕೆಂದು ನಾನು ಕೇಳಲಿಲ್ಲ. ಡಾಕ್ಟರಮ್ಮನಿಗೆ ಬೇಜಾರು ಯಾಕೆಂದು ಈಗ ಗೊತ್ತಾಯಿತು. ನಿನ್ನೆ ನಿನ್ನ ಅಮ್ಮನ ಎದುರಿಗೆ ಕೂತು ಹೇಳಿದೆ, ನಿನ್ನ ಹಲ್ಲುಗಳನ್ನೂ ಉಳಿಸಬಹುದಿತ್ತೇನೋ, ನಾನು ನೋಡಲೇ ಇಲ್ಲ ಎಂದು.

ಅಪ್ಪ

ಅಮ್ಮ: ಹೇಳಿದರು, ಬನ್ನು. ಹೇಳಿ, ಗಂಡಸಾಗಿಯೂ ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಆಮೇಲೆ, ಹದಿನೈದು ವರ್ಷದಿಂದ ಕೆಳಗಿನ ಸೆಟ್ಟು ಎಡಗಡೆ ಚುಚ್ಚುತ್ತದೆ, ಅದನ್ನೂ ಸರಿ ಮಾಡಿ ಎಂದೆ. ಅವರಿಗೆ ನೋವಾಗುತ್ತದೆಂದು ಇಷ್ಟು ದಿನ ಹೇಳಿರಲಿಲ್ಲ. ಅಲ್ಲೇ ಕೂತು ತಿಕ್ಕಿ ಸರಿ ಮಾಡಿಕೊಟ್ಟರು.


ಆಗಸ್ಟ್ 28

ಅಪ್ಪಾ, ಅಮ್ಮಾ,

ಹತ್ತಿದೆ!

ನೂರಾ ಎಂಬತ್ತಾರು ಮೆಟ್ಟಿಲು. ಬೂಟು ಹೆಲ್ಮೆಟ್ಟು ಎಲ್ಲಾ ಸೇರಿ ತೊಂಬತ್ತನಾಲ್ಕೂವರೆ. ಬೆಲ್ಟು ಕಟ್ಟುವವನು ತೂಕದ ಮುಳ್ಳು ನೋಡಿ ನನ್ನ ಮುಖ ನೋಡಿದ, ನನ್ನ ಮುಖ ನೋಡಿ ಮತ್ತೆ ಮುಳ್ಳು ನೋಡಿದ. ಮುದಿ ಡಾಕ್ಟರು ರುಜು ಹಾಕುವಾಗ "ಬಾಯಿ ತೆಗಿ" ಎಂದರು, ಒಸಡು ಒತ್ತಿದರು. ಬೆರಳು ಬೆಳ್ಳಗೇ ಇತ್ತು.

ಅರ್ಧ ದಾರಿಯಲ್ಲಿ ಉಸಿರು ಹತ್ತಿತು, ನಿಂತೆ. ಕೆಳಗಿನವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಇಳಿಯುವುದಿಲ್ಲ ಎಂದುಕೊಂಡು ಹಲ್ಲು ಕಚ್ಚಿಕೊಂಡು ಹತ್ತಿದೆ. ಕ್ಯಾಬಿನ್ ಬಾಗಿಲು ತೆರೆದು ನನ್ನ ಕುರ್ಚಿಯಲ್ಲಿ ಕೂತಾಗ ಇಡೀ ಬಂದರು ಕಾಲ ಕೆಳಗಿತ್ತು. ಒಂಬತ್ತು ತಿಂಗಳ ಮೇಲೆ ಮೊದಲ ಪೆಟ್ಟಿಗೆ ಎತ್ತಿದೆ. ಒಂದಿಷ್ಟೂ ತೂಗಾಡದೆ ಹಡಗಿನ ಮೇಲೆ ಕೂರಿಸಿದೆ. ಕೆಳಗಿನಿಂದ ವಾಕಿಟಾಕಿಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದ್ದು ಈಗಲೂ ಕಿವಿಯಲ್ಲಿದೆ.

ಅಪ್ಪಾ, ನಿಮ್ಮ ಜುಲೈ ಕಾಗದಕ್ಕೆ ನಾನು ಉತ್ತರ ಬರೆದಿರಲಿಲ್ಲ. ಎಷ್ಟು ಸಲ ಕೂತರೂ ಬರೆಯಲಾಗಲಿಲ್ಲ. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಹತ್ತಿದೆ. ಉತ್ತರ ಅದೇ ಎಂದುಕೊಳ್ಳಿ.

ಸೆಪ್ಟೆಂಬರ್ ಇಪ್ಪತ್ತಕ್ಕೆ ರಜೆ ಸಿಗಲಿಲ್ಲ. ಕೊನೆಯ ಅಳತೆ ಏನಾಯಿತೆಂದು ಅಂದೇ ಬರೆಯಿರಿ.

ಮಗಳು


ಸೆಪ್ಟೆಂಬರ್ 20

ಮಗಳೇ,

ನಿನ್ನ ಅಪ್ಪನ ಬಾಯಲ್ಲಿ ಇಪ್ಪತ್ತೈದು ಹಲ್ಲು. ಇವತ್ತಿಗೂ, ನಾಳೆಗೂ.

ಅಳತೆ ನಿನ್ನೆಯೇ ಆಯಿತು. ನಿನ್ನ ಅಮ್ಮನೂ ಒಳಗೆ ಬಂದಳು, ಹೊರಗೆ ಕೂರು ಎಂದರೆ ಕೇಳಲಿಲ್ಲ. ಡಾಕ್ಟರಮ್ಮ ಕಡ್ಡಿ ಇಳಿಸಿ "ಮೂರು, ಎರಡು, ಮೂರು" ಎನ್ನುತ್ತಾ ಹೋದರೆ ಅಮ್ಮ ಕುರ್ಚಿಯ ಅಂಚಿಗೆ ಬಂದು ಪ್ರತಿ ನಂಬರಿಗೂ ತಲೆಯಾಡಿಸುತ್ತಿದ್ದಳು. ಕೊನೆಗೆ ಕೆಳಗಿನ ಆ ಎರಡು ಹಲ್ಲಿಗೆ ಬಂದಳು. "ಮೂರು." ಮತ್ತೆ ಇನ್ನೊಂದು. "ಮೂರು." ಅಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಹೊರಗೆ ಕಾಯುತ್ತಿದ್ದವರು ಬಾಗಿಲಿಂದ ಇಣುಕಿದರು. ನಾನು ಬಾಯಿ ತೆರೆದುಕೊಂಡೇ ನಗುತ್ತಿದ್ದೆ, ಡಾಕ್ಟರಮ್ಮ "ಅಲ್ಲಾಡ್ಬೇಡಿ" ಎಂದಳು, ಆಕೆಯೂ ನಗುತ್ತಿದ್ದಳು.

ಸಕ್ಕರೆಯ ಸರಾಸರಿ ಏಳಕ್ಕೆ ಬಂದಿದೆ. ಅದರಲ್ಲಿ ಒಸಡಿನ ಪಾಲೆಷ್ಟು, ವಾಕಿಂಗಿನ ಪಾಲೆಷ್ಟು ಎಂದು ಕೇಳಿದೆ. "ಪಾಲು ಮಾಡೋಕೆ ಇದೇನು ಆಸ್ತಿನಾ? ಎರಡನ್ನೂ ಬಿಡ್ಬೇಡಿ" ಎಂದಳು. ತೂಕ ತೊಂಬತ್ತೈದು. ನಿನಗಿಂತ ಹೆಚ್ಚು ಇಳಿಸಿದ್ದೇನಾ ಕಡಿಮೆಯಾ, ಲೆಕ್ಕ ಹಾಕಿ ಬರೆ.

ಇವತ್ತು ಬೆಳಿಗ್ಗೆ ಹಲ್ಲು ಕೀಳುವ ಡಾಕ್ಟರ ಆಫೀಸಿಗೆ ಫೋನ್ ಮಾಡಿ, ನಾನು ಬರುವುದಿಲ್ಲ ಎಂದೆ. ಅಲ್ಲಿನ ಹುಡುಗಿ, "ಸರಿ ಸರ್, ಆ ಟೈಮು ಇನ್ನೊಬ್ಬರಿಗೆ ಕೊಡ್ತೀನಿ. ಒಬ್ಬ ಹೆಂಗಸು ಇಲ್ಲೇ ಕಾಯ್ತಾ ಇದ್ದಾರೆ, ಅವರದ್ದೂ ಪೂರ್ತಿ ಸೆಟ್ಟೇ, ಅಳತೆ ನಿಮಗೇ ಬರುತ್ತೆ" ಎಂದಳು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅಮ್ಮ ಫೋನ್ ಕಿತ್ತುಕೊಂಡಳು. "ಅವರ ವಯಸ್ಸೆಷ್ಟಮ್ಮ?" ಎಂದಳು. ಮೂವತ್ತಾರಂತೆ. "ಒಸಡು ತೋರಿಸಿದ್ದಾರಾ? ಕೇಳಿ ಹೇಳು." ಇಲ್ಲವಂತೆ. "ಹಾಗಾದ್ರೆ ಅವರಿಗೆ ಫೋನ್ ಕೊಡು. ಇಲ್ಲ, ಬೇಡ. ಅಲ್ಲೇ ಕೂರೋಕೆ ಹೇಳು, ನಾನೇ ಬರ್ತಿದ್ದೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ನಾನು ಇಷ್ಟು ವರ್ಷದಲ್ಲಿ ಅವಳು ಅಷ್ಟು ಜೋರಾಗಿ ನಡೆದದ್ದನ್ನು ನೋಡಿಲ್ಲ.

ಮಧ್ಯಾಹ್ನ ಮೂರಕ್ಕೆ ವಾಪಸ್ ಬಂದಳು. ಆ ಹೆಂಗಸನ್ನು ಕೈಹಿಡಿದು ನಮ್ಮ ಡಾಕ್ಟರಮ್ಮನ ಹತ್ತಿರ ಕೂರಿಸಿ ಬಂದಿದ್ದಾಳೆ. ಬಾಗಿಲಲ್ಲೇ ನಿಂತು ಹೇಳಿದಳು: "ಇಪ್ಪತ್ತೆಂಟು ಹಲ್ಲು ರೀ. ಎಲ್ಲಾ ಉಳಿಯತ್ತಂತೆ, ಒಂದೂ ಬಿಡದೆ." ಹೇಳುವಾಗ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗು.

ನನ್ನ ಕೈತಪ್ಪಿ ಹೋದ ಮೊದಲ ಸೆಟ್ಟು ಅದು, ಮಗಳೇ. ಯಾವ ಸೆಟ್ಟು ಮಾಡಿದಾಗಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ.

ಅಪ್ಪ